ಲಿಫ್ಟಿನ ಚಿಲ್ಲರೆ

ತ್ಬಿಲಿಸಿಯ ನಮ್ಮ ಹಳೇ ಕಟ್ಟಡದ ಲಿಫ್ಟು
ಕಾಸು ನುಂಗದೆ ಒಂದಂಗುಲವೂ ಏಳುವುದಿಲ್ಲ.
ಅದಕ್ಕೆಂದೇ ಬಾಗಿಲ ಬಳಿ, ಒಡಕು ಪಿಂಗಾಣಿ ಬಟ್ಟಲಲ್ಲಿ
ಚಿಲ್ಲರೆ ಕೂಡಿಡುತ್ತೇನೆ.

ಇವತ್ತು ಬಟ್ಟಲು ತೊಳೆದಿಟ್ಟಂತೆ ಖಾಲಿ.

"ನುತ್ಸಾ, ಕಾಸೆಲ್ಲಿ?"
"ಪಿಸೋ ಖರ್ಚು ಮಾಡಿದ" ಎಂದಳು ನಾಲ್ಕು ವರ್ಷದ ಮಗಳು,
ಆಡಿಟರ್ ಮುಖ ಮಾಡಿಕೊಂಡು.
ಪಿಸೋ ಎಂದರೆ ನಮ್ಮ ಬೆಕ್ಕು.
ತುಂಬು ಬಸುರಿಯ ಹೊಟ್ಟೆ, ಆದರೆ ಗಂಡು.
"ಪಾಪ, ಮೆಟ್ಟಿಲು ಹತ್ತಿದರೆ ಅವನಿಗೆ ನಾಲ್ಕು ಕಾಲೂ ನೋಯತ್ತಮ್ಮ.
ನಿಂಗಾದ್ರೆ ಎರಡೇ."

ಹೀಗೆ ಬೆಳಗಿನಿಂದ ಸಾಹೇಬರ ಸವಾರಿ:
ಮೇಲೆ, ಕೆಳಗೆ, ಮತ್ತೆ ಮೇಲೆ.
ಎಂಟನೇ ಮಹಡಿಯ ತ್ಸಿಯಾಲಾ ಅಜ್ಜಿ ನೋಡಿದರೆ
ಲಿಫ್ಟಿನೊಳಗೆ ಇವನೊಬ್ಬನೇ,
ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವನ ಹಾಗೆ.
ಎದೆಯ ಮೇಲೆ ಶಿಲುಬೆ ಗೀಚಿಕೊಂಡು ಅಜ್ಜಿ
ಚೀಸು ತುಂಬಿದ ಬಿಸಿ ರೊಟ್ಟಿಯ ಅಂಚು ಮುರಿದು ಕೊಟ್ಟಳಂತೆ.
ಇಳಿಸಲು ಕಾಸೂ ಅವಳದ್ದೇ.

ಇತ್ತ ಒಂಬತ್ತು ತಿಂಗಳ ಲಜಾರೆ
ಅನುಮಾನ ಬರುವಷ್ಟು ಸುಮ್ಮನಿದ್ದ.
ಬಾಯಿಗೆ ಬೆರಳು ಹಾಕಿದೆ:
ಎರಡು ಹಲ್ಲು,
ಬೆಕ್ಕಿನ ತಟ್ಟೆಯದೊಂದು ಮೀನಿನ ಉಂಡೆ,
ಅದರಡಿಯಲ್ಲಿ ಒದ್ದೆ ನಾಣ್ಯ.
ಈ ಮನೆಯಲ್ಲಿ ಉಳಿತಾಯ ಅಂತ ಮಾಡಿದವನು ಅವನೊಬ್ಬನೇ.

ಅದನ್ನೇ ಒರೆಸಿಕೊಂಡು ಕೆಳಗಿಳಿದೆ.
ಅಂಗಡಿಯವನ ಹತ್ತಿರವೂ ಚಿಲ್ಲರೆ ಇಲ್ಲ.
ಆಲೂಗಡ್ಡೆ ಚೀಲ ಹೊತ್ತು ಐದು ಮಹಡಿ ಹತ್ತಿ
ಏದುಸಿರು ಬಿಡುತ್ತ ಬಂದರೆ,

ಲಿಫ್ಟಿನ ಮುಂದೆ ಪಿಸೋ,
ಬಾಲ ಸುತ್ತಿಕೊಂಡು ಕೂತಿದ್ದಾನೆ.
ಚೀಲ ನೋಡಲಿಲ್ಲ, ನನ್ನ ಬೆವರು ನೋಡಲಿಲ್ಲ,
ಕೋಟಿನ ಜೇಬನ್ನೇ
ನೋಡುತ್ತಿದ್ದ.