ಅಡ್ಡಹೆಸರು

ವಾಸ್ಕೊದ ದವಾಖಾನೆಯಲ್ಲಿ ನರ್ಸ್ ಚೀಟಿ ನೋಡಿ ಕೂಗಿದಳು:
"ದ್ಯಾಮವ್ವ ನಲ್!"
ಅವ್ವ ನನ್ನ ಮುಖ ನೋಡಿದಳು. ಯಾರು ಈ ನಲ್?

ಇಪ್ಪತ್ತು ವರ್ಷದ ಹಿಂದೆ
ಬೈನಾದ ಸೈಬರ್ ಕೆಫೆಯಲ್ಲಿ ಪರೀಕ್ಷೆಯ ಅರ್ಜಿ ತುಂಬುವಾಗ
ಅಡ್ಡಹೆಸರಿಲ್ಲದ ನನ್ನನ್ನು ಕೆಂಪಕ್ಷರ ಮೂರು ಸಲ ಹಿಂದಕ್ಕಟ್ಟಿತ್ತು.
ನಾಲ್ಕನೆಯ ಸಲ ಒಂದು ಚುಕ್ಕಿ ಇಟ್ಟೆ.
ಈಗಲೂ ಇದೆ ಅದು ನನ್ನ ಪದವಿಪತ್ರದಲ್ಲಿ,
ಬಂದರಿನಿಂದ ಹಾರಿಬಂದು ಕೂತ ಅದಿರಿನ ಧೂಳಿನ ಹಾಗೆ.

ಆಮೇಲೆ ಕೆಲಸ. ಪಣಜಿಯಲ್ಲಿ ಎರಡು ಕಂಪನಿ, ಒಂದು ಮುಳುಗಿತು.
ಗಿರಾಕಿ ಒತ್ತುವ ಗುಂಡಿಯಿಂದ ಹಿಡಿದು
ಯಾರೂ ಇಣುಕದ ಡೇಟಾಬೇಸಿನ ತನಕ
ಪಡಸಾಲೆಯೂ ನಾನೇ ಗುಡಿಸಿ, ಹಿತ್ತಲೂ ನಾನೇ ಗುಡಿಸಿ,
ರಾತ್ರಿ, ಸಂಬಳವಿಲ್ಲದೆ, ನಲವತ್ತೊಂದು ಸಾಲು ಬರೆದೆ:
ಒಂದೇ ಹೆಸರಿನವರನ್ನು ಒಳಗೆ ಬಿಡುವ ಕೋಡು.
ಕೇರಿಯ ಬಾವಿಗೆ ಹಗ್ಗ ಇಟ್ಟು ಬಂದಹಾಗೆ ಇಟ್ಟುಬಂದೆ.

ಸೇದಿಕೊಂಡರು. ಜಾವಾದಿಂದ, ಭಾಷೆಯಲ್ಲ, ದ್ವೀಪ,
ಸುಗಿಯೊನೊ ಎಂಬಾತ, ಅಷ್ಟೇ ಅವನ ಹೆಸರು, ಧನ್ಯವಾದ ಬರೆದ.
ಇನ್ನೊಬ್ಬ ಒಂದು ಅಲ್ಪವಿರಾಮಕ್ಕೆ ವಾರವಿಡೀ ಬೈದ.

ಈ ದವಾಖಾನೆಗೂ ಬಂದಿದೆಯೆಂದು ಗೊತ್ತಿರಲಿಲ್ಲ.
ಬಂದು, ಅವ್ವನನ್ನು ತಡೆಯದೆ ಒಳಗೆ ಬಿಟ್ಟು,
ಖಾಲಿ ಬಿಡಬೇಕಾದಲ್ಲಿ
ಖಾಲಿ ಎಂಬ ಶಬ್ದವನ್ನೇ ಅಚ್ಚು ಹಾಕಿದೆ.
ತಪ್ಪು ನನ್ನದೇ. ಮೂವತ್ಮೂರನೆಯ ಸಾಲು.

"ನಾನಽ ರೀ" ಎಂದೆದ್ದಳು ಅವ್ವ,
ಅರವತ್ತೆಂಟಕ್ಕೆ ಸಿಕ್ಕ ಮನೆತನಕ್ಕೆ ಸೆರಗು ಸರಿಮಾಡಿಕೊಂಡು.

ಬಿಪಿ ನೋಡಿ ಕಳಿಸಲು ಹತ್ತು ನಿಮಿಷವಂತೆ.
ಬೆಂಚಿನಲ್ಲಿ ಕೂತೆ. ತೊಡೆಯ ಮೇಲೆ ಅವಳ ಕೈಚೀಲ,
ಚೀಲದ ಮೇಲೆ ಲ್ಯಾಪ್‌ಟಾಪ್.