ನೆನೆಹಾಕಿದ ಕ್ಯಾಮೆರಾ

ಕ್ಯಾಮೆರಾ ನಮ್ಮದಲ್ಲ, ಅಕ್ಕನ ಗಂಡನದು.
ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು,
ನೀರಲ್ಲಿ ಮುಳುಗದಂತೆ ಬಾಲಕ್ಕೊಂದು ಕಿತ್ತಳೆ ಬೆಂಡು.
ಕೊಡುವಾಗ ಮಗಳನ್ನು ಧಾರೆಯೆರೆದಷ್ಟು ಮಾತು:
ರಬ್ಬರಿಗೆ ಮರಳು ತಾಗಬಾರದು,
ಬಿಸಿಲಲ್ಲಿಟ್ಟು ಮರೆಯಬಾರದು,
ಸಮುದ್ರದಿಂದ ಬಂದವಳೇ ಸಿಹಿನೀರಲ್ಲಿ ಒಂದಿಡೀ ರಾತ್ರಿ,
"ಒಂದಿಡೀ ರಾತ್ರಿ, ಕೇಳಿಸಿತಾ?"
ಕೇಳಿಸಿತು. ಧಾರವಾಡದಿಂದ ಅರಬೈಲು ಘಟ್ಟ ಇಳಿಯುವವರೆಗೂ
ಮಡಿಲಲ್ಲೇ ಇತ್ತು, ಹೊಟ್ಟೆ ತೊಳಸುವ ಕೂಸಿನ ಹಾಗೆ.

ಕಾರವಾರದ ಧಕ್ಕೆಯಲ್ಲಿ ದೋಣಿಯ ಪುರ್ಸು ಹರಿಕಂತ್ರ
ನಾಲ್ಕು ಜಾಕೀಟು ಎಸೆದು ಒಂದೇ ಮಾತು ಹೇಳಿದ:
"ಎಲ್ಲಿ ಬೇಕಾದರೂ ತೆಗೀರಿ ಬಾಯೋರೆ,
ಆ ಕಡೆ ಮಾತ್ರ ತಿರುಗಿಸಬೇಡಿ."
ಆ ಕಡೆ ನೌಕಾನೆಲೆ. ಬೂದು ಹಡಗುಗಳು
ಹಾಲು ಕುಡಿದ ಬೆಕ್ಕಿನ ಮುಖದಲ್ಲಿ ನಿಂತಿದ್ದವು.
ಒಂದು ದಿಕ್ಕು ಕಡಿಮೆಯಾದದ್ದೇ ತಡ
ಅಮೋಘನಿಗೆ ಆ ದಿಕ್ಕಿನ ಮೇಲೇ ಪ್ರೀತಿ ಹುಟ್ಟಿತು.

ಅತ್ತೆ ಇಳಕಲ್ ಸೀರೆಯ ಮೇಲೆ ಜಾಕೀಟು ಬಿಗಿದುಕೊಂಡು
ನಡುಹಲಗೆಯಲ್ಲಿ ಬೀಗತಿಯಂತೆ ಕೂತರು.
"ನಾ ಇಳಿಯಂಗಿಲ್ಲ. ನೋಡಿದ್ರ ಸಾಕು.
ನೀರು ಅಂದ್ರ ನೀರು. ನಮ್ಮ ಕೆರ್ಯಾಗೂ ಐತಿ."
ಹದಿನಾಲ್ಕು ವರ್ಷ ಒಂದೇ ಅಡುಗೆಮನೆ ನಮ್ಮದು;
ಒಗ್ಗರಣೆಗೆ ಜೀರಿಗೆ ಮೊದಲೋ ಸಾಸಿವೆ ಮೊದಲೋ
ಇನ್ನೂ ತೀರ್ಮಾನವಾಗಿಲ್ಲ.

ಕೂರ್ಮಗಡದ ಮರೆಯಲ್ಲಿ ಲಂಗರು.
ಮುಖಕ್ಕೆ ಗಾಜು, ಬಾಯಿಗೆ ಕೊಳವೆ.
ಮೊದಲ ಗುಟುಕಿಗೇ ಉಪ್ಪು ಮೂಗಿಗೇರಿ
ಗಂಡ ಸೀನಿದ ಸದ್ದಿಗೆ ಬಂಡೆಯ ಕೊಕ್ಕರೆ ಹಾರಿತು.
ಆಮೇಲೆ ನಾನು ಮುಖ ಅದ್ದಿದೆ.

ಏನು ಹೇಳಲಿ. ತಿಳಿ ಅಂದರೆ ಅಂಥ ತಿಳಿಯೇನಲ್ಲ,
ಗಂಜಿಯ ತಿಳಿಯಷ್ಟು ತಿಳಿ.
ಅದರೊಳಗೆ ನನ್ನದೇ ಉಸಿರು,
ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಅನ್ನುವಂತೆ.
ಹಳದಿ ಪಟ್ಟೆಯ ಮೀನು ಐದಾರು
ಹತ್ತಿರ ಬಂದು, ನನ್ನ ಹೆಬ್ಬೆರಳು ನೋಡಿ,
ಬೇಸರಗೊಂಡು ಹೋದವು.
ಮಣಿಕಟ್ಟಿಗೆ ಕಟ್ಟಿಕೊಂಡ ಕ್ಯಾಮೆರಾ ಮರೆತೇಹೋಯಿತು.

ಮತ್ತೆ ದೋಣಿ ಹತ್ತಿದಾಗ ಕೇಳಿದೆ, "ಬ್ಯಾಸರಾತೇನ್ರಿ?"
"ಹೂಂ. ಏನೈತಿ ಇಲ್ಲೆ."

ರಾತ್ರಿ ಲಾಡ್ಜಿನಲ್ಲಿ ಎಲ್ಲರೂ ಮಲಗಿದ ಮೇಲೆ
ಮಂಚದ ತುದಿಗೆ ಕೂತು ಒಂದೊಂದೇ ಅಳಿಸುತ್ತ ಬಂದೆ.
ಅಮೋಘನ ಅಂಗಾಲು. ಅಮೋಘನ ಅಂಗಾಲು. ಗಂಡನ ಹೊಟ್ಟೆ.
ಬೂದು ಹಡಗು! (ಯಾವಾಗ ತೆಗೆದನೋ ಕಳ್ಳ.)
ಹಸಿರು. ಬರೀ ಹಸಿರು.
ಆಮೇಲೆ ತನ್ನಷ್ಟಕ್ಕೇ ಓಡಿದ ಹನ್ನೊಂದು ನಿಮಿಷ.
ನಾನು ಕೆಳಗೆ ಮೀನು ನೋಡುತ್ತಿದ್ದಾಗ
ಅದು ಮೇಲೆ ನೋಡುತ್ತಿತ್ತು:

ನೀರಿನ ಸೂರು. ದೋಣಿಯ ಕಪ್ಪು ಹೊಟ್ಟೆ.
ಅದರಂಚಿನಿಂದ ಮೆಲ್ಲಗೆ ಇಳಿದ ಒಂದು ಕೈ,
ಹಸಿರು ಗಾಜಿನ ಬಳೆ ಆರು.
ಮೊದಲು ಬೆರಳ ತುದಿ,
ಬಾಣಂತಿಗೆ ಎರೆಯುವ ನೀರಿನ ಹದ ನೋಡುವಂತೆ,
ಆಮೇಲೆ ಮಣಿಕಟ್ಟು,
ಆಮೇಲೆ ಮೊಣಕೈವರೆಗೂ, ಸೆರಗು ಸಮೇತ.
ಬೆರಳು ಬಿಚ್ಚಿತು, ಮುಚ್ಚಿತು, ಯಾರನ್ನೋ ಕರೆಯಿತು.
ನನ್ನನ್ನು ಬಿಟ್ಟುಹೋದ ಆ ಪಟ್ಟೆಯವರೇ
ಬಂದರು, ಉಗುರು ಮುಟ್ಟಿದರು, ನಿಂತರು.
ಕೈ ಅಲುಗಲಿಲ್ಲ.
ಎಷ್ಟೋ ಹೊತ್ತು ಅಲುಗಲಿಲ್ಲ.
ಕೊನೆಗೆ ಮೇಲೆದ್ದು ಸೂರಿನಾಚೆ ಹೋಯಿತು;
ನಾಲಿಗೆಗೆ ಹಚ್ಚಿ ನೋಡಿರಬೇಕು, ಅದು ಚಿತ್ರದಲ್ಲಿಲ್ಲ.

ಎರಡು ಸಲ ನೋಡಿದೆ. ಪಕ್ಕದ ಮಂಚದಲ್ಲಿ
ಆ ಕೈ ತಲೆಯಡಿ ಮಡಿಸಿಕೊಂಡು ಮಲಗಿತ್ತು.
ಹಡಗು ಅಳಿಸಿದೆ. ಇದನ್ನು ಉಳಿಸಿದೆ.
ಯಾರನ್ನೂ ಎಬ್ಬಿಸಲಿಲ್ಲ.

ನೆನೆಹಾಕುವುದು ಮರೆತೇ ನಿದ್ದೆಹೋದೆ.
ಎದ್ದಾಗ ಕ್ಯಾಮೆರಾ ಬಚ್ಚಲಿನ ತಂಬಿಗೆಯಲ್ಲಿ,
ಮೇಲೊಂದು ತಟ್ಟೆ ಮುಚ್ಚಿ.
ಅತ್ತೆ ಕಿಟಕಿಗೆ ಬೆನ್ನುಹಾಕಿ ಹೆರಳು ಹೆಣೆಯುತ್ತ,
"ನೆನಿ ಹಾಕಬೇಕಂತ ಹೇಳಿದ್ರಲ್ಲ ಅವರು, ನಿನಗೆಲ್ಲಿ ನೆನಪು.
ಮೊಳಕಿ ಬಂದಾವೇನು ನೋಡು."

ತಟ್ಟೆ ಸರಿಸಿದೆ.
ತಳದಲ್ಲಿ ನಾಲ್ಕು ಕಾಳು ಮರಳು.