ಎರಡೂವರೆ

ಹಾಸನದ ಕೈಗಾರಿಕಾ ಪ್ರದೇಶ, ಕೊನೆಯ ಶೆಡ್ಡು.
ನಾಲೆಯಿಂದ ಕಳಚಿ ತಂದ ತೂಬಿನ ಬಾಗಿಲು
ದಿಮ್ಮಿಗಳ ಮೇಲೆ ಅಂಗಾತ ಮಲಗಿದೆ.
ಮೈತುಂಬ ಹಕ್ಕಳೆ: ಪಾಚಿ, ಡಾಂಬರು, ಬೂದು ಬಣ್ಣ,
ಅದರಡಿ ಕೆಂಪು ಸೀಸ, ಅದರಡಿ ಮತ್ತೆ ತುಕ್ಕು.

ಚೌರಪ್ಪ ಹೆಲ್ಮೆಟ್ಟಿನೊಳಗೆ ಹೋದರೆ ಮುಗಿಯಿತು,
ಲೋಕವೆಲ್ಲ ಅಂಗೈಯಗಲದ ಗಾಜು.
ಕೂಗಿದರೆ ಕೇಳದು.
ಅವನು ಉಸಿರಾಡುವ ಗಾಳಿ ನಾನು ಬಿಟ್ಟದ್ದು,
ಅವನು ಹೊಡೆಯುವ ಗಾರ್ನೆಟ್ ಹರಳು ನಾನು ಸುರಿದದ್ದು.
ನಮ್ಮ ಮಾತೆಲ್ಲ ಹೋಸಿನಲ್ಲಿ:
ಒಂದು ಎಳೆತಕ್ಕೆ ಹರಳು ಸಾಲದು,
ಎರಡಕ್ಕೆ ಗಾಳಿ ಇಳಿಸು,
ಮೂರಕ್ಕೆ ಎಲ್ಲ ನಿಲ್ಲಿಸು.
ನಾಲ್ಕೆಳೆದರೆ ಚಹಾ. ಅದು ನಾವೇ ಮಾಡಿಕೊಂಡದ್ದು.

ಸದ್ದೆಂದರೆ
ಸಾವಿರ ಒಗ್ಗರಣೆ ಒಟ್ಟಿಗೆ ಸಿಡಿದ ಹಾಗೆ.
ಬಣ್ಣ ಹೊಗೆಯಾಗಿ ಎದ್ದು ಹೋಗಿ
ಉಳಿಯುವುದು ಬರಿ ಕಬ್ಬಿಣ,
ಆಗತಾನೆ ಮುಡಿ ಕೊಟ್ಟ ಮಗುವಿನ ತಲೆಯಂತೆ
ನೋಡಲು ಸ್ವಲ್ಪ ನಾಚಿಕೆ.

ಬೆಳ್ಳಗೇನಲ್ಲ. ದರ್ಜೆ ಮೂರೆಂದರೆ ಪೂರಾ ಬಿಳಿ.
ನಮಗೆ ಕಾಗದದಲ್ಲಿ ಬರೆದಿರುವುದು ಎರಡೂವರೆ.
ಉಳಿದರ್ಧಕ್ಕೆ ಯಾರೂ ಕಾಸು ಕೊಡುವುದಿಲ್ಲ.

ಸಂಜೆ ನಾಲ್ಕಕ್ಕೆ ಬೋರಲಿಂಗಣ್ಣ ಬಂದರು,
ಪಿಎಫ್ ಅರ್ಜಿಗೆ ಮಾಲೀಕರ ರುಜು ಬೇಕಿತ್ತು.
ಹೊಳೆಮರಳಿನ ಕಾಲದವರು,
ಮೂಗಿಗೆ ಒದ್ದೆ ಟವೆಲ್ಲು ಸುತ್ತಿ ಹನ್ನೊಂದು ವರ್ಷ ಹೊಡೆದವರು.
ಗೇಟಿನಿಂದ ಶೆಡ್ಡಿಗೆ ನಲವತ್ತು ಹೆಜ್ಜೆ.
ಎರಡು ಕಡೆ ನಿಂತು, ಬೀಡಿಗೆ ಜೇಬು ತಡಕಿದರು.
ಬೀಡಿ ಬಿಟ್ಟು ಆರು ವರ್ಷ.

'ಮುಟ್ಬೇಡಿ ಅಣ್ಣ' ಅನ್ನುವಷ್ಟರಲ್ಲಿ
ಬಲಗೈ ಕಬ್ಬಿಣದ ಮೇಲಿತ್ತು.
ಯಂತ್ರ ಬರುವ ಮುಂಚಿನ ಅಳತೆ ಅದು,
ಹಸುವಿನ ಕೆಚ್ಚಲು ನೋಡುವವರಂತೆ ಕಣ್ಣು ಮುಚ್ಚಿ.
'ಹಲ್ಲು ಸಿಕ್ತು. ಅರವತ್ತೈದು ಐತೆ.'
ಚೌರಪ್ಪ ಗೇಜು ಇಟ್ಟ. ಅರವತ್ತೆಂಟು ಮೈಕ್ರಾನು.
'ನಿನ್ ಮಿಷಿನ್ನು ರಿಪೇರಿಗೆ ಕೊಡು'
ಎಂದು ನಗಲು ಹೋಗಿ ಕೆಮ್ಮಿದರು, ಬಹಳ ಹೊತ್ತು.
ಕಂಪ್ರೆಸರ್ ನಿಂತಿತ್ತು. ಶೆಡ್ಡಿನಲ್ಲಿ ಅದೊಂದೇ ಸದ್ದು.

ಪ್ರೈಮರ್ ತರುವ ಗಾಡಿ ಬಿ.ಎಂ. ರಸ್ತೆಯಲ್ಲೇ ಕೆಟ್ಟು ಕೂತಿತು.
ಟಾರ್ಪಲ್ ಹೊದಿಸಿ, ಒಳಗೆ ಬಲ್ಬು ಉರಿಸಿ
ಬಾಣಂತಿಯನ್ನು ಕಾದಂತೆ ರಾತ್ರಿಯೆಲ್ಲ ಕಾದೆವು.
ಬೆಳಿಗ್ಗೆ ಸರಿಸಿದರೆ ಮಿಕ್ಕದ್ದೆಲ್ಲ ಹಾಗೇ ಇದೆ,
ನಟ್ಟನಡುವೆ ಮಾತ್ರ
ಬೆರಣಿ ಮೇಲಿನ ಗುರುತಿನಂಥ ಕಂದು ಹಸ್ತ.
ನಾಲ್ಕು ಬೆರಳು ಪೂರ್ತಿ, ಉಂಗುರದ ಬೆರಳು ಅರ್ಧ.

ಇನ್‌ಸ್ಪೆಕ್ಟರು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು
'ಇದಿಷ್ಟು ಪುನಃ' ಎಂದರು.
ಚೌರಪ್ಪ ಹೆಲ್ಮೆಟ್ಟು ಹಾಕಿದ. ನಾನು ಗಾಳಿ ಬಿಟ್ಟೆ.
ಏನೂ ಆಗಲಿಲ್ಲ.
ಹೋಸು ಒಮ್ಮೆ ಅಲುಗಿತು,
ಎಳೆತವಲ್ಲ, ನಮ್ಮ ಲೆಕ್ಕದಲ್ಲಿ ಅಂಥದ್ದಿಲ್ಲ.
ಆಮೇಲೆ ಸದ್ದು ಶುರುವಾಯಿತು.

ಮೂರು ಸೆಕೆಂಡಿನ ಕೆಲಸ.
ಒಂದು ನಿಮಿಷ ಹೊಡೆದ.
ಹಸ್ತದಷ್ಟು ಜಾಗ ಸುತ್ತಲಿಗಿಂತ ಬೆಳ್ಳಗಾಯಿತು.
ಇನ್‌ಸ್ಪೆಕ್ಟರು ಮಾದರಿ ಪಟ ಹಿಡಿದು ಹಿಡಿದು ನೋಡಿ
'ಇಲ್ಲಿ ಮೂರು ಬಂದಿದೆಯಲ್ರಿ,
ಬಿಲ್ಲಿಗೆ ಸೇರಿಸಬೇಡಿ' ಎಂದರು.

ಹತ್ತೂವರೆಗೆ ಪ್ರೈಮರ್ ಬಿತ್ತು. ಈಗ ಎಲ್ಲ ಒಂದೇ ಬೂದಿ.
ಸುತ್ತಿಡುತ್ತಿದ್ದ ಖಾಲಿ ಹೋಸನ್ನು
ಚೌರಪ್ಪ ನಾಲ್ಕು ಸಲ ಎಳೆದ.
ಅಂಗಡಿಗೆ ಹೋಗಿ ಮೂರು ಚಹಾ ಅಂದೆ,
ಆಮೇಲೆ, ಎರಡು.